ಕಾಯುವ ಪಟ್ಟಿಯೆಂಬ ಕೆರೆ

ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಕಾದಿರುವವರ ಪಟ್ಟಿಯನ್ನು ಕಣದಲ್ಲಿ ಬಿದ್ದ ಕಾಳಿನ ರಾಶಿಯೆಂದು ಭಾವಿಸುವುದರಿಂದಲೇ, ಒಂದಷ್ಟನ್ನು ಖಾಸಗಿಯವರ ಗಾಡಿಗೆ ತುಂಬಿ ಕಳಿಸಿದರೆ ರಾಶಿ ಕರಗೀತು ಎಂಬ ಲೆಕ್ಕ ಹುಟ್ಟುತ್ತದೆ. ಪಟ್ಟಿ ರಾಶಿಯಲ್ಲ, ಕೆರೆ. ಒಳಹರಿವಿಗೆ ತಕ್ಕ ಹೊರಹರಿವು ಇಲ್ಲದಿದ್ದರೆ ಎಷ್ಟು ಕೊಡ ಎತ್ತಿ ಸುರಿದರೂ ಮಟ್ಟ ಮತ್ತೆ ಏರುತ್ತದೆ.

ಈ ಗಣಿತ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಕರೆಗಳು ಹೊತ್ತುಗೊತ್ತಿಲ್ಲದೆ ಬರುವಾಗ ಎಷ್ಟು ತಂತಿಗಳಿರಬೇಕು ಎಂಬ ಪ್ರಶ್ನೆಯ ಬೆನ್ನುಹತ್ತಿದ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಆಗ್ನರ್ ಎರ್ಲಾಂಗ್, 1909ರಲ್ಲಿ ತನ್ನ ಮೊದಲ ಪ್ರಬಂಧ ಪ್ರಕಟಿಸಿದ. ಅಲ್ಲಿಂದ ಬೆಳೆದ ಸರದಿ ಸಿದ್ಧಾಂತದ ಅತಿ ಸರಳ ಮಾದರಿಯ ಪ್ರಕಾರ, ಸಾಮರ್ಥ್ಯದ ಶೇ. 80ರಷ್ಟು ಬಳಕೆಯಲ್ಲಿದ್ದರೆ ಸರಾಸರಿ ಕಾಯುವಿಕೆ ಒಂದು ಚಿಕಿತ್ಸೆಯ ಅವಧಿಯ 4 ಪಟ್ಟು, ಶೇ. 90ಕ್ಕೆ 9 ಪಟ್ಟು, ಶೇ. 95ಕ್ಕೆ 19 ಪಟ್ಟು. ಖಾಲಿ ಹಾಸಿಗೆಯನ್ನು ದುಂದೆಂದು ಕಾಣುವ ಲೆಕ್ಕಪರಿಶೋಧಕರಿಗೆ ಇದು ರುಚಿಸದು. ಆದರೆ ಸರದಿಯನ್ನು ಹಿಡಿತದಲ್ಲಿಡುವುದು ಆ ಖಾಲಿ ಹಾಸಿಗೆಯೇ.

ರಾತ್ರಿಯಿಂದ ಉಪವಾಸವಿದ್ದು, ಮಣಿಕಟ್ಟಿಗೆ ಗುರುತುಪಟ್ಟಿ ಕಟ್ಟಿಸಿಕೊಂಡು, ಮಂಡಿ ಬದಲಾವಣೆಗೆ ಕಾದು ಕುಳಿತವರನ್ನು ಬೆಳಿಗ್ಗೆ ಹತ್ತಕ್ಕೆ ಮನೆಗೆ ಕಳಿಸುವುದು ಶಸ್ತ್ರವೈದ್ಯರಿಲ್ಲವೆಂದಲ್ಲ, ಹಿಂದಿನ ರಾತ್ರಿ ಬಂದ ಗಾಯಾಳುಗಳು ವಾರ್ಡಿನ ಕೊನೆಯ ಹಾಸಿಗೆಯನ್ನೂ ತುಂಬಿರುವುದರಿಂದ. ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಸಿದ್ಧ, ದೀಪ ಉರಿಯುತ್ತಿದೆ, ಮೇಜು ಖಾಲಿ.

ರೋಗಿಗಳನ್ನು ಖಾಸಗಿಯವರಿಗೆ ಒಪ್ಪಿಸುವ ಹೊರಗುತ್ತಿಗೆ ಈ ಗಂಟನ್ನು ಬಿಡಿಸುವುದಿಲ್ಲ, ಕೆಲವೊಮ್ಮೆ ಬಿಗಿಗೊಳಿಸುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ವೆಚ್ಚದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಖಾಸಗಿ ಚಿಕಿತ್ಸಾಲಯಗಳಲ್ಲಿ ನಡೆಯುತ್ತವೆ. ಹೀಗೆ ಸಲೀಸಾದ ಪ್ರಕರಣಗಳು ಹೊರಹೋಗಿ, ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಜೊತೆಗಿರುವ ತೊಡಕಿನವು ಉಳಿದಾಗ ಒಂದೊಂದಕ್ಕೂ ಹಿಡಿಯುವ ಸಮಯದ ಏರುಪೇರು ಹೆಚ್ಚುತ್ತದೆ. ಏರುಪೇರು ಹೆಚ್ಚಿದಷ್ಟೂ ಸರದಿ ಉದ್ದವಾಗುತ್ತದೆಂಬುದಕ್ಕೆ ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲೇ ಸೂತ್ರ ಕೊಟ್ಟಿದ್ದಾರೆ. ಮೇಲಾಗಿ ಅಲ್ಲಿ ಸರ್ಕಾರಿ, ಖಾಸಗಿ ಎರಡೂ ಕಡೆ ಕತ್ತರಿ ಹಿಡಿಯುವ ಹಿರಿಯ ಶಸ್ತ್ರವೈದ್ಯರು ಬಹುಮಟ್ಟಿಗೆ ಅವರವರೇ. ಕೈ ಪಳಗಿಸಿಕೊಳ್ಳಬೇಕಾದ ಕಿರಿಯ ವೈದ್ಯರಿಗಂತೂ ಸುಲಭದ ಪ್ರಕರಣಗಳೇ ಸಿಗದಂತಾಗುತ್ತವೆ.

ಕೋವಿಡ್ ಬಿಟ್ಟುಹೋದಂಥ ಒಮ್ಮೆಯ ಬಾಕಿಗೆ ಹೊರಗಿನ ನೆರವು ಪಡೆಯುವುದು ತಪ್ಪಲ್ಲ. ಆದರೆ 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿದ ಇಂಗ್ಲೆಂಡಿನ ಪಟ್ಟಿ, ಕೋವಿಡ್‌ಗೆ ಮುನ್ನವೇ ವರ್ಷವರ್ಷವೂ ಏರುತ್ತಿತ್ತು. ಇಂಥ ಕಾಯಂ ಕೊರತೆಗೆ ಬೇಕಾದದ್ದು ತುರ್ತು ರೋಗಿಗಳ ಹಾದಿಯಿಂದ ಬೇರ್ಪಡಿಸಿದ, ಮುಂಚಿತವಾಗಿ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗಳಿಗಷ್ಟೇ ಮೀಸಲಾದ ಸರ್ಕಾರಿ ಕೇಂದ್ರ. ಲಂಡನ್ ಬಳಿಯ ಎಪ್ಸಮ್‌ನಲ್ಲಿ ಕೀಲು ಮತ್ತು ಮೂಳೆಯ ಅಂಥದೊಂದು ಕೇಂದ್ರವನ್ನು ನಾಲ್ಕು ಸರ್ಕಾರಿ ಆಸ್ಪತ್ರೆ ಸಂಸ್ಥೆಗಳು ಕೂಡಿ 2004ರಲ್ಲಿ ಆರಂಭಿಸಿದವು. ರಾತ್ರಿಯ ಅಪಘಾತ ಅಲ್ಲಿ ಬೆಳಗಿನ ಮಂಡಿಯ ಹಾಸಿಗೆಯನ್ನು ಕಸಿಯುವುದಿಲ್ಲ.