ಗಟ್ ಲೋಡಿಂಗ್: ತುಂಬಬೇಕಾದದ್ದು ಹುಳದ ಹೊಟ್ಟೆ

"ಗಟ್ ಲೋಡಿಂಗ್ ಮಾಡೇ ಕೊಡ್ತೀನ್ರಿ" ಎನ್ನುವವರ ಕೈಯಲ್ಲಿ ನೋಡಿದರೆ ಕ್ಯಾಲ್ಸಿಯಂನ ಬಿಳಿ ಪುಡಿಯ ಡಬ್ಬಿ ಇರುತ್ತದೆ. ಆ ಪುಡಿಯಲ್ಲಿ ಮಿಡತೆಯಂಥ ಕ್ರಿಕೆಟ್ ಹುಳಗಳನ್ನು ಹೊರಳಿಸಿ, ಮನೆಯಲ್ಲಿ ಸಾಕಿದ ಹಲ್ಲಿ ಜಾತಿಯ ಗೆಕ್ಕೋ ಮುಂದೆ ಬಿಡುತ್ತಾರೆ. ಅದು ಡಸ್ಟಿಂಗ್. ಬಾಗಲಕೋಟೆಯಲ್ಲಿ ಲೆಪರ್ಡ್ ಗೆಕ್ಕೋ ಸಾಕುವವರು ಕಡಿಮೆ, ಆದರೆ ಇರುವವರ ಮಾತಿನಲ್ಲಿ ಈ ಎರಡು ಪದಗಳು ಪೂರ್ತಿ ಕಲಸಿಹೋಗಿವೆ. ಗೆಕ್ಕೋಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸುವುದೇ ಗಟ್ ಲೋಡಿಂಗ್ ಅಂದುಕೊಂಡವರೂ ಇದ್ದಾರೆ. ಹೆಸರು ಯಾವುದಾದರೇನು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಒಂದನ್ನು ಮಾಡಿ ಎರಡೂ ಆಯಿತು ಅಂದುಕೊಂಡರೆ ಪೆಟ್ಟು ಬೀಳುವುದು ಆ ಪ್ರಾಣಿಯ ಎಲುಬಿಗೆ.

ಗಟ್ ಲೋಡಿಂಗ್‌ನಲ್ಲಿ ಗಟ್ ಅಂದರೆ ಹುಳದ ಹೊಟ್ಟೆ. ಗೆಕ್ಕೋಗೆ ಕೊಡುವ ಮುಂಚೆ ಹುಳಕ್ಕೇ ಒಳ್ಳೆಯದನ್ನು ತಿನ್ನಿಸಿ ಆ ಹೊಟ್ಟೆ ತುಂಬಿಸುವುದೇ ಗಟ್ ಲೋಡಿಂಗ್. ಗೆಕ್ಕೋ ಹುಳವನ್ನು ಇಡಿಯಾಗಿ ನುಂಗುತ್ತದೆ. ಹಾಗಾಗಿ ಹುಳ ತಿಂದದ್ದೂ ಅದರ ಹೊಟ್ಟೆಗೆ ಹೋಗುತ್ತದೆ. ಕ್ರಿಕೆಟ್ ಹುಳಕ್ಕೆ ಎಲುಬಿಲ್ಲ, ಅದರ ಮೈಯಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಹಲವು ಪಟ್ಟು ಜಾಸ್ತಿ. ಗೆಕ್ಕೋಗೆ ಬೇಕಾದದ್ದು ಇದರ ತಿರುವುಮುರುವು: ಕ್ಯಾಲ್ಸಿಯಂ ಕಡೇಪಕ್ಷ ಫಾಸ್ಫರಸ್‌ನಷ್ಟಾದರೂ ಇರಬೇಕು, ಎರಡು ಪಟ್ಟಿದ್ದರೆ ಒಳ್ಳೆಯದು. ಸಿಗದಿದ್ದರೆ ದೇಹ ಸ್ವಂತ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಸೊಟ್ಟಗಾದ ಕಾಲು ಮತ್ತೆ ನೆಟ್ಟಗಾಗುವುದು ಕಷ್ಟ.

ಇನ್ನು ಎಲ್ಲರೂ ಮರೆಯುವ ಸಂಗತಿ, ಸಮಯ. ಲೋಡ್ ಅನ್ನುವ ಪದ ನಮ್ಮ ಕಡೆ ಹೊಸದಲ್ಲ. ಮುಧೋಳ, ಜಮಖಂಡಿಯ ರೈತರಿಗೆ ಗೊತ್ತು: ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆ ಮುಂದೆ ಪಾಳಿಯಲ್ಲಿ ನಿಂತಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಹುಳದ ಹೊಟ್ಟೆಯ ಲೋಡೂ ಹಾಗೆಯೇ ಕರಗುತ್ತದೆ. ತಿಂದದ್ದನ್ನು ಅದು ಅರಗಿಸಿ ಹೊರಹಾಕುತ್ತದೆ. ಅದಕ್ಕೇ ಗೆಕ್ಕೋಗೆ ಕೊಡುವ ಮುಂಚಿನ ಒಂದೆರಡು ದಿನ ಹುಳಕ್ಕೆ ಚೆನ್ನಾಗಿ ತಿನ್ನಿಸಿ, ಆ ಹೊಟ್ಟೆ ತುಂಬಿರುವಾಗಲೇ ಕೊಡಬೇಕು.

ಇಷ್ಟು ತಿಳಿದ ಮೇಲೆ, ಮಾರಾಟಕ್ಕೆ ಬರುವ ಹುಳದ ಡಬ್ಬಿ ಮೇಲಿನ "ಗಟ್ ಲೋಡೆಡ್" ಚೀಟಿಗೆ ಎಷ್ಟು ಬೆಲೆ ಕೊಡಬೇಕು ಹೇಳಿ. ಬೇರೆ ಊರಿಂದ ಪಾರ್ಸೆಲ್‌ನಲ್ಲಿ ಬರುವ ಹುಳ ದಾರಿಯಲ್ಲಿ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಪ್ಯಾಕ್ ಮಾಡುವಾಗ ಏನು ತಿಂದಿತ್ತೋ, ನಮ್ಮ ಮನೆ ಮುಟ್ಟುವಾಗ ಅದು ಉಳಿದಿರುವುದಿಲ್ಲ. ಈ ಚೀಟಿಗೆ ಹೆಚ್ಚಿನ ದುಡ್ಡು ಕೊಡುವುದು ಸುಮ್ನೆ ದಂಡ. ಗಟ್ ಲೋಡಿಂಗ್ ಕೊಳ್ಳುವ ವಸ್ತುವಲ್ಲ, ಮನೆಯಲ್ಲಿ ಮಾಡುವ ಕೆಲಸ.

ಏನು ತಿನ್ನಿಸಬೇಕು? ಜೋಳದ ಹಿಟ್ಟು ಹಾಕಿಟ್ಟು ನಿಶ್ಚಿಂತೆಯಾಗಿರುವವರಿಗೆ ಒಂದು ಮಾತು. ಹಿಟ್ಟಿನಲ್ಲಿ ಹುಳ ಬದುಕುತ್ತದೆ ನಿಜ. ಆದರೆ ಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಫಾಸ್ಫರಸ್ ಜಾಸ್ತಿ. ಅದು ಹುಳ ಸಾಕುವುದಾಯಿತೇ ಹೊರತು ಗಟ್ ಲೋಡಿಂಗ್ ಆಗಲಿಲ್ಲ. ಪಾಲಕ್ ಕೂಡ ಬೇಡ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ನುಗ್ಗೆ ಸೊಪ್ಪು ಒಳ್ಳೆಯದು, ಸಂತೆಯಿಂದ ತಂದದ್ದಾದರೆ ಚೆನ್ನಾಗಿ ತೊಳೆಯಿರಿ. ಗಜ್ಜರಿ ಚೂರು ಹಾಕಿದರೆ ನೀರಿನಂಶವೂ ಸಿಗುತ್ತದೆ. ತಟ್ಟೆಯಲ್ಲಿ ನೀರಿಟ್ಟರೆ ಕ್ರಿಕೆಟ್ ಹುಳ ಅದರಲ್ಲೇ ಮುಳುಗಿ ಸಾಯುತ್ತದೆ. ಆದರೆ ಸೊಪ್ಪು ತರಕಾರಿಯಿಂದಲೇ ಕ್ಯಾಲ್ಸಿಯಂ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ಹೆಚ್ಚಿಸಿದ ಗಟ್ ಲೋಡ್ ಆಹಾರ ಬೇರೆಯೇ ಇದೆ. ಅದನ್ನು ಹುಳಕ್ಕೆ ದಿನಾ ಹಾಕಬಾರದು, ಜಾಸ್ತಿ ದಿನ ತಿಂದರೆ ಹುಳವೇ ಸಾಯುತ್ತದೆ. ಕೊನೆಯ ಎರಡು ದಿನಕ್ಕೆ ಮಾತ್ರ.

ಡಸ್ಟಿಂಗ್ ಬೇಕೇ ಬೇಕು, ಗಟ್ ಲೋಡಿಂಗ್ ಜೊತೆಗೆ. ಕ್ರಿಕೆಟ್ ಹುಳ ಮೈಮೇಲಿನ ಪುಡಿಯನ್ನು ತಾನೇ ಉಜ್ಜಿ ತೆಗೆಯುತ್ತದೆ, ಹಾಗಾಗಿ ಪುಡಿ ಹಚ್ಚಿದ ಕೂಡಲೇ ಕೊಡಿ. ಪುಡಿಯಲ್ಲಿ ವಿಟಮಿನ್ ಡಿ3 ಇದೆಯೋ ಇಲ್ಲವೋ ಓದಿ ನೋಡಿ. ಡಿ3 ಕಡಿಮೆಯಾದರೂ ಕಷ್ಟ, ಅತಿಯಾದರೂ ವಿಷ. ಗೆಕ್ಕೋಗೆ ಕೊಡುವ ಹುಳಗಳ ಪೈಕಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳದಲ್ಲಿ ಕ್ಯಾಲ್ಸಿಯಂ ತಾನಾಗಿಯೇ ಜಾಸ್ತಿ ಇರುತ್ತದೆ.

"ಹೊಲದ ಹುಳ ಹಸಿರು ತಿಂದಿರುತ್ತದೆ, ಅದೇ ನ್ಯಾಚುರಲ್ ಗಟ್ ಲೋಡಿಂಗ್ ಅಲ್ವಾ" ಅನ್ನುವ ಮಾತು ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುತ್ತದೆ. ವಿಜಯಪುರದ ದ್ರಾಕ್ಷಿ ತೋಟಕ್ಕೆ, ನಮ್ಮ ಕಬ್ಬು ಹತ್ತಿಗೆ ಹೊಡೆದ ಕ್ರಿಮಿನಾಶಕ ಎಣ್ಣೆಯೂ ಆ ಹೊಟ್ಟೆಯಲ್ಲಿ ಇರಬಹುದಲ್ಲ. ಬೀದಿ ದೀಪಕ್ಕೆ ಬಂದ ಹುಳ ಎಲ್ಲಿಂದ ಹಾರಿಬಂತು ಅಂತ ಯಾರಿಗೆ ಗೊತ್ತು? ಸ್ಪ್ರೇ ಹೊಡೆದ ಮನೆಯ ಜಿರಳೆಯೂ ಬೇಡ. ಮಿಂಚುಹುಳವನ್ನಂತೂ ಹತ್ತಿರ ಸೇರಿಸಬೇಡಿ. ಖಾನಾಪುರದ ಕಾಡಿನ ಕಡೆ ಮಳೆಗಾಲದ ಹೊತ್ತಿಗೆ ಅವು ಕಾಣುತ್ತವೆ, ಹಿಡಿಯುವುದೂ ಸುಲಭ. ಅಮೆರಿಕದ ಕೆಲವು ಜಾತಿಯ ಮಿಂಚುಹುಳಗಳನ್ನು ತಿಂದು ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳು (ಓತಿಯಂಥ ಪ್ರಾಣಿ) ಸತ್ತಿವೆ. ಅಲ್ಲಿ ವಿಷ ಇರುವುದು ಹುಳದ ಮೈಯಲ್ಲೇ, ಏನು ತಿನ್ನಿಸಿದರೂ ಹೋಗುವುದಿಲ್ಲ.

ಗೆಕ್ಕೋ ತಿನ್ನದೆ ಬಿಟ್ಟ ಕ್ರಿಕೆಟ್ ಹುಳಗಳನ್ನು ರಾತ್ರಿಯೇ ತೊಟ್ಟಿಯಿಂದ ತೆಗೆಯಿರಿ. ಹಸಿದ ಹುಳ ಮಲಗಿದ ಗೆಕ್ಕೋದ ಬೆರಳು, ಬಾಲ ಕಚ್ಚುತ್ತದೆ. ತೆಗೆದವನ್ನು ಮತ್ತೆ ಸೊಪ್ಪಿನ ಡಬ್ಬಿಗೆ ಹಾಕಿ, ತಿನ್ನಿಸಿ, ಆಮೇಲೆ ಕೊಡಿ.