ಹಾವಸೆಗೆ ಎಷ್ಟು ಪರ್ಸೆಂಟ್ ಮದ್ಯಸಾರ?

ಹಾವಸೆಯ (ಮಾಸ್) ಸಾರ ಬ್ಯಾಕ್ಟೀರಿಯಾವನ್ನು ಕೊಂದಿತು, ಶಿಲೀಂಧ್ರವನ್ನು ತಡೆಯಿತು ಎಂಬ ಸುದ್ದಿ ಓದಿದಾಗ ಮೊದಲು ಹುಡುಕಬೇಕಾದ ಅಂಕಿ ಒಂದೇ: ಎಥನಾಲ್, ಅಂದರೆ ಮದ್ಯಸಾರ, ಶೇಕಡಾ ಎಷ್ಟಿತ್ತು? ಅದು ಗೊತ್ತಾಗದೆ ‘ಹಾವಸೆಯ ಸಾರ’ ಎಂಬ ಮಾತಿಗೆ ಅರ್ಥವೇ ಇಲ್ಲ. ಒಂದೇ ಹಿಡಿ ಹಾವಸೆಯನ್ನು ಶೇ. 30, ಶೇ. 70 ಮತ್ತು ಶೇ. 96ರ ಎಥನಾಲ್‌ನಲ್ಲಿ ನೆನೆಸಿದರೆ ಸಿಗುವುದು ಮೂರು ಬೇರೆ ಬೇರೆ ವಸ್ತುಗಳು.

ಕೈಯಲ್ಲಿರುವುದು ಹಾವಸೆಯೇ ಎಂಬುದೂ ಖಚಿತವಾಗಬೇಕು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು ಹಾವಸೆಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಲೈಕನ್ ಕುಲದ್ದು. ಐಸ್‌ಲ್ಯಾಂಡ್ ಮಾಸ್ ಕೂಡ ಅದೇ ಕುಲದ್ದು. ಐರಿಶ್ ಮಾಸ್ ಕೆಂಪು ಕಡಲಪಾಚಿ. ಸ್ಪ್ಯಾನಿಷ್ ಮಾಸ್ ಅನಾನಸಿನ ಕುಟುಂಬಕ್ಕೆ ಸೇರಿದ ಹೂಬಿಡುವ ಗಿಡ. ನೆನಪಿನ ಶಕ್ತಿಗೆಂದು ಮಾರುವ ಹ್ಯೂಪರ್ಜಿನ್-ಎ ಸಿಗುವುದು ಕ್ಲಬ್ ಮಾಸ್ ಎಂಬ ನಾಳಸಸ್ಯದಿಂದ. ಇವುಗಳ ಗುಣವನ್ನೆಲ್ಲ ಹಾವಸೆಯ ಲೆಕ್ಕಕ್ಕೆ ಬರೆದ ಬರಹಗಳು ಬೇಕಾದಷ್ಟಿವೆ.

ಹಾವಸೆಯ ಹತ್ತಿರದ ನೆಂಟ ಲಿವರ್‌ವರ್ಟ್. ಒದ್ದೆ ಕಲ್ಲಿನ ಮೇಲೆ ಚಪ್ಪಟೆಯಾಗಿ ಹರಡುವ ಮಾರ್ಕಾನ್ಷಿಯಾ ಈ ಗುಂಪಿನದು. ಇದರ ಹಾಳೆಯಂಥ ದೇಹ ಯಕೃತ್ತಿನ ಹಾಲೆಯಂತೆ ಕಾಣುತ್ತದೆಂದು ಹಳೆಯ ಯುರೋಪಿನ ವೈದ್ಯರು ಅದನ್ನು ಯಕೃತ್ತಿನ ಕಾಯಿಲೆಗೆ ಕೊಡುತ್ತಿದ್ದರು. ಇಂಥ ನಂಬಿಕೆಗಳು ಹಾವಸೆಯನ್ನು ಇನ್ನೂ ವಿಚಿತ್ರ ಜಾಗಕ್ಕೆ ಒಯ್ದಿದ್ದವು. ಹೂಳದೆ ಬಿಟ್ಟ ಮನುಷ್ಯನ ತಲೆಬುರುಡೆಯ ಮೇಲೆ ಬೆಳೆದ ಹಾವಸೆ ರಕ್ತಸ್ರಾವ ನಿಲ್ಲಿಸುತ್ತದೆ ಎಂದು 17ನೇ ಶತಮಾನದ ಯುರೋಪಿನಲ್ಲಿ ಓದಿದವರೂ ನಂಬಿದ್ದರು. ಗಾಯ ಮಾಡಿದ ಆಯುಧಕ್ಕೆ ಹಚ್ಚುವ ಮುಲಾಮಿನಲ್ಲಿ ಈ ಹಾವಸೆ ಇರುತ್ತಿದ್ದುದನ್ನು ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ದಾಖಲಿಸಿದ್ದಾನೆ. ಆಧುನಿಕ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದ ರಾಬರ್ಟ್ ಬಾಯ್ಲ್ ತನ್ನ ಮೂಗಿನ ರಕ್ತಸ್ರಾವಕ್ಕೆ ಅದನ್ನು ಬರೀ ಕೈಯಲ್ಲಿ ಹಿಡಿದುಕೊಂಡು, ಫಲ ಸಿಕ್ಕಿತೆಂದು ಬರೆದ. ಮೂಗಿನ ರಕ್ತ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಹಾವಸೆ ಹಿಡಿಯದೆ ಎಷ್ಟು ಹೊತ್ತಿಗೆ ನಿಲ್ಲುತ್ತಿತ್ತು ಎಂದು ಹೋಲಿಸಿ ನೋಡುವ ಪದ್ಧತಿ ಆಗಿರಲಿಲ್ಲ. ಆ ಹೋಲಿಕೆ ಇಂದಿನ ಕೆಲವು ಪ್ರಯೋಗಗಳಲ್ಲೂ ಇರುವುದಿಲ್ಲ ಎಂಬುದೇ ಕಳವಳದ ಸಂಗತಿ.

ಮಾರ್ಕಾನ್ಷಿಯಾದಲ್ಲಿ ನಿಜಕ್ಕೂ ಔಷಧಗುಣದ ಮಾರ್ಕಾಂಟಿನ್ ಎಂಬ ಸಂಯುಕ್ತಗಳಿವೆ. ಯಕೃತ್ತಿನ ಆಕಾರಕ್ಕೂ ಅವುಗಳಿಗೂ ಸಂಬಂಧವಿಲ್ಲ. ಲಿವರ್‌ವರ್ಟ್‌ಗಳ ಕೋಶದೊಳಗೆ ಪೊರೆ ಸುತ್ತಿದ ಎಣ್ಣೆಯ ಕಣಗಳಿರುತ್ತವೆ, ಇಂಥ ಸಂಯುಕ್ತಗಳು ಅಲ್ಲಿ ಶೇಖರವಾಗುತ್ತವೆ. ಜಪಾನಿನ ಯೋಶಿನೋರಿ ಅಸಕಾವಾ ದಶಕಗಳ ಕಾಲ ಬಿಡಿಸಿ ತೋರಿಸಿದ್ದು ಈ ರಸಾಯನಶಾಸ್ತ್ರವನ್ನೇ. ನಿಜವಾದ ಹಾವಸೆಯಲ್ಲಿ ಆ ಎಣ್ಣೆ ಕಣಗಳಿಲ್ಲ. ಅದರ ಫ್ಲೇವನಾಯ್ಡ್, ಫೀನಾಲಿಕ್ ಆಮ್ಲ ಎಂಬ ಸಂಯುಕ್ತಗಳಲ್ಲಿ (ಒಟ್ಟಾಗಿ ಫೀನಾಲಿಕ್‌ಗಳು) ಒಂದಷ್ಟು ಕೋಶರಸದಲ್ಲಿ ಕರಗಿದ್ದರೆ, ಒಂದಷ್ಟು ಕೋಶಭಿತ್ತಿಗೇ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತವೆ. ಮದ್ಯಸಾರ ಯಾವುದನ್ನು ಎಳೆದು ತರುತ್ತದೆ, ಯಾವುದನ್ನು ಬಿಟ್ಟು ಬರುತ್ತದೆ ಎಂಬುದು ಇಲ್ಲಿಂದಲೇ ನಿರ್ಧಾರವಾಗುತ್ತದೆ.

ಒಣಗಿದ ಹಾವಸೆಯ ಕೋಶಭಿತ್ತಿ ಮುದುಡಿ ಬಿಗಿದುಕೊಂಡಿರುತ್ತದೆ. ಅದನ್ನು ಉಬ್ಬಿಸಿ ಸಡಿಲಿಸುವುದು ನೀರು. ಬರೀ ಶೇ. 96ರ ಎಥನಾಲ್ ಸುರಿಯುವುದು ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸದೆ ರುಬ್ಬಿದ ಹಾಗೆ, ಒಳಗಿನದು ಪೂರ್ತಿ ಬಿಟ್ಟುಕೊಡುವುದಿಲ್ಲ. ಆದರೆ ನೀರೊಂದರಿಂದಲೂ ಆಗದು. ಕೋಶಪೊರೆ ಕೊಬ್ಬಿನ ಅಂಶದ್ದು, ಅದನ್ನು ಕೆಡವಲು ಎಥನಾಲ್ ಬೇಕು. ಜೊತೆಗೆ, ಕೋಶ ಒಡೆದ ಕೂಡಲೇ ಫೀನಾಲಿಕ್‌ಗಳನ್ನು ಕಂದು ಬಣ್ಣಕ್ಕೆ ತಿರುಗಿಸುವ ಕಿಣ್ವಗಳನ್ನು ಎಥನಾಲ್ ನಿಷ್ಕ್ರಿಯಗೊಳಿಸುತ್ತದೆ. ನೀರು ಹೆಚ್ಚಾದರೆ ಸಕ್ಕರೆಗಳ ಉದ್ದ ಸರಪಳಿಗಳು ಕರಗಿ ಬಂದು ಸಾರ ಲೋಳೆಯಾಗುತ್ತದೆ, ಸೋಸುಕಾಗದ ಕಟ್ಟಿಕೊಳ್ಳುತ್ತದೆ. ಎಥನಾಲ್ ಹೆಚ್ಚಾದರೆ ಪತ್ರಹರಿತ್ತು ಮತ್ತು ಮೇಣ ಧಾರಾಳವಾಗಿ ಬರುತ್ತವೆ. ಹಾವಸೆಯ ಫೀನಾಲಿಕ್‌ಗಳಿಗೆ ಶೇ. 70ರಿಂದ 80 ಒಳ್ಳೆಯ ಆರಂಭ. ಲಿವರ್‌ವರ್ಟ್‌ನ ಎಣ್ಣೆಯಂಶಕ್ಕೆ ಇದಕ್ಕಿಂತ ಗಟ್ಟಿ ಎಥನಾಲ್ ಅಥವಾ ಮೆಥನಾಲ್ ಸೂಕ್ತ.

ಶೇ. 70ರ ಎಥನಾಲ್ ಮಾಡಲು ಶೇ. 96ರದ್ದನ್ನು 73 ಮಿ.ಲೀ. ಅಳೆದು, ಒಟ್ಟು 100 ಮಿ.ಲೀ. ಆಗುವವರೆಗೆ ಬಟ್ಟಿ ಇಳಿಸಿದ ನೀರು ಸೇರಿಸಬೇಕು. 27 ಮಿ.ಲೀ. ನೀರನ್ನು ಬೇರೆ ಅಳೆದು ಸುರಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎಥನಾಲ್ ಮತ್ತು ನೀರು ಬೆರೆತಾಗ ಒಟ್ಟು ಗಾತ್ರ ಕುಗ್ಗುತ್ತದೆ. ಕುಡಿಯಲಾಗದಂತೆ ಬೇರೆ ವಸ್ತು ಬೆರೆಸಿದ ಡಿನೇಚರ್ಡ್ ಸ್ಪಿರಿಟ್ ಬಳಸಲೇಬಾರದು. ಅದರಲ್ಲಿರಬಹುದಾದ ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಸುಡುತ್ತದೆ. ಪ್ರಯೋಗಾಲಯದ ಮೆಥನಾಲ್ ಸಾರವೂ ವಿಶ್ಲೇಷಣೆಗೆ ಮಾತ್ರ, ಬಾಯಿಗಲ್ಲ.

ಶುಚಿ ಮಾಡುವ ಕೆಲಸಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಒಂದು ಹಿಡಿಯಲ್ಲಿ ಎರಡು ಮೂರು ಜಾತಿಯ ಹಾವಸೆ, ಲಿವರ್‌ವರ್ಟ್‌ನ ಎಳೆ, ನೀಲಿಹಸಿರು ಪಾಚಿ, ಮಣ್ಣು, ನುಸಿ ಎಲ್ಲ ಇರಬಹುದು. ಸೂಕ್ಷ್ಮದರ್ಶಕದ ಕೆಳಗೆ ಇಕ್ಕಳದಿಂದ ಬಿಡಿಸದೆ ದಾರಿಯಿಲ್ಲ. ಹಾವಸೆಗೆ ನಿಜವಾದ ಬೇರಿಲ್ಲ, ಬೇಕಾದದ್ದನ್ನು ಗಾಳಿ ಮಳೆಯಿಂದಲೇ ಹೀರುತ್ತದೆ. ಆದ್ದರಿಂದ ರಸ್ತೆ ಬದಿಯ ಗೋಡೆಯದ್ದರಲ್ಲಿ ಸೀಸದಂಥ ಭಾರಲೋಹ ಸೇರಿರುತ್ತದೆ. ವಾಯುಮಾಲಿನ್ಯ ಅಳೆಯಲು ಹಾವಸೆಯನ್ನು ಬಳಸುವ ಕ್ರಮ 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು ಈ ಗುಣದಿಂದಲೇ. ಔಷಧಕ್ಕೆ ಅದೇ ಗುಣ ಕಂಟಕ.

ತೊಳೆದು, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೆರಳಿನಲ್ಲಿ ಒಣಗಿಸಿ, ಗರಿಗರಿಯಾದ ಮೇಲೆ ಪುಡಿ ಮಾಡಬೇಕು. ಅರೆ ಒಣಗಿದ್ದರೆ ನಾರಿನಂತೆ ಸುತ್ತಿಕೊಳ್ಳುತ್ತದೆ. ಹಸಿ ಹಾವಸೆಯ ತೂಕದಲ್ಲಿ ಬಹುಪಾಲು ನೀರು ಎಂಬುದು ಲೆಕ್ಕದಲ್ಲಿರಲಿ.

ಗ್ರಾಂಗೆ 10 ಮಿ.ಲೀ. ದ್ರಾವಕ ಎಂಬ ಗಿಡಮೂಲಿಕೆಯ ರೂಢಿಯ ಲೆಕ್ಕ ಇಲ್ಲಿ ಕೈಕೊಡುತ್ತದೆ. ಸ್ಫ್ಯಾಗ್ನಮ್ ಎಂಬ ಹಾವಸೆಯ ಸತ್ತ, ರಂಧ್ರವುಳ್ಳ ಕೋಶಗಳು ಅದರ ಒಣ ತೂಕದ ಇಪ್ಪತ್ತು ಪಟ್ಟು ನೀರು ಹಿಡಿಯಬಲ್ಲವು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಹತ್ತಿಯ ಬದಲು ಅದನ್ನೇ ಗಾಯದ ಪಟ್ಟಿಗೆ ಬಳಸಿತ್ತು. ಇಂಥದ್ದಕ್ಕೆ ಗ್ರಾಂಗೆ 30 ಮಿ.ಲೀ. ಹಾಕಬೇಕು. ಅದರಲ್ಲಿ 15 ಮಿ.ಲೀ. ಹಿಪ್ಪೆಯಲ್ಲೇ ಉಳಿದರೆ ಕರಗಿದ್ದರಲ್ಲಿ ಅರ್ಧ ಅಲ್ಲೇ ಇದೆ ಎಂದರ್ಥ. ಮತ್ತೆ 15 ಮಿ.ಲೀ. ಸುರಿದು ಬಸಿದರೆ ಕಾಲು ಭಾಗ ಉಳಿಯುತ್ತದೆ, ಮೂರನೆಯ ಸಲಕ್ಕೆ ಎಂಟನೇ ಒಂದು ಭಾಗ. ಮೂರು ಸಲ ಬಸಿಯುವುದಕ್ಕೆ, ಪ್ರತಿ ಸಲ ಹಿಪ್ಪೆಯನ್ನು ಗಟ್ಟಿಯಾಗಿ ಹಿಂಡುವುದಕ್ಕೆ ಕಾರಣ ಇದು. ಪಾಲಿಟ್ರೈಕಮ್ ಎಂಬ ಇನ್ನೊಂದು ಹಾವಸೆಯ ಎಲೆಯ ಪಟ್ಟಿಗಳ ನಡುವೆ ಗಾಳಿ ಸಿಕ್ಕಿಕೊಂಡು ಪುಡಿ ತೇಲುತ್ತದೆ. ಕೆಲ ನಿಮಿಷ ನಿರ್ವಾತದಲ್ಲಿಟ್ಟು ಗಾಳಿ ತೆಗೆದರೆ ಮುಳುಗುತ್ತದೆ. ಕತ್ತಲಲ್ಲಿ, ಮುಚ್ಚಳ ಬಿಗಿದು, ಆಗಾಗ ಅಲುಗಾಡಿಸುತ್ತಾ ಒಂದೊಂದು ಸಲಕ್ಕೂ 24 ಗಂಟೆ ಸಾಕು. ಬಹಳಷ್ಟು ಹಾವಸೆಗಳ ಎಲೆ ಒಂದೇ ಕೋಶದಷ್ಟು ದಪ್ಪ, ವಾರಗಟ್ಟಲೆ ನೆನೆಸಿ ಸಿಗುವುದೇನಿಲ್ಲ.

ಸೋಸಿದ ಸಾರವನ್ನು ಒಲೆಯ ಮೇಲೆ ಕಾಯಿಸಿದರೆ ಎಥನಾಲ್ ಆವಿಗೆ ಬೆಂಕಿ ಹತ್ತುತ್ತದೆ. ಬೇಕಾದ್ದು ಸೀಸೆಯನ್ನು ತಿರುಗಿಸುತ್ತಾ ದ್ರಾವಕವನ್ನು ಆವಿ ಮಾಡುವ ರೋಟರಿ ಇವಾಪೊರೇಟರ್: 40 ಡಿಗ್ರಿ ನೀರು, ಕಡಿಮೆ ಒತ್ತಡ. ಮೊದಲು ಎಥನಾಲ್ ಹೋಗಿ ನೀರು ಉಳಿದಾಗ ಸಾರ ನೊರೆಯುಕ್ಕಿ ಮೇಲೇರುತ್ತದೆ. ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಹೆಪ್ಪುಗಟ್ಟಿಸಿ ಒಣಗಿಸುವುದು ಒಳ್ಳೆಯದು. ಪತ್ರಹರಿತ್ತನ್ನು ತೆಗೆಯಲು ಹೆಕ್ಸೇನ್ ಎಂಬ ದ್ರಾವಕ ಹಾಕಿ ಕುಲುಕುತ್ತಾರೆ. ಸಾರದಲ್ಲಿ ಸಾಕಷ್ಟು ನೀರಿದ್ದರೆ ಮಾತ್ರ ಎರಡು ಪದರ ಬೇರೆಯಾಗುತ್ತದೆ, ಶುದ್ಧ ಎಥನಾಲ್ ಹೆಕ್ಸೇನ್‌ನೊಂದಿಗೆ ಬೆರೆತುಹೋಗುತ್ತದೆ. ಇಷ್ಟೆಲ್ಲ ಆದ ಮೇಲೂ ಸ್ಫ್ಯಾಗ್ನಮ್‌ನ ಹಿಪ್ಪೆ ಕೆಂಪಾಗಿಯೇ ಉಳಿದರೆ ಗಾಬರಿ ಬೇಡ. ಸ್ಫ್ಯಾಗ್ನೊರುಬಿನ್ ಎಂಬ ಆ ವರ್ಣದ್ರವ್ಯ ಕೋಶಭಿತ್ತಿಗೆ ಅಂಟಿದ್ದು, ಬರೀ ಮದ್ಯಸಾರಕ್ಕೆ ಜಗ್ಗುವುದಿಲ್ಲ.

ಇನ್ನು ಪರೀಕ್ಷೆ. ಶೇ. 70ರ ಎಥನಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆಸ್ಪತ್ರೆಯಲ್ಲಿ ಕೈ ಒರೆಸುವುದು ಹೆಚ್ಚು ಕಡಿಮೆ ಅದರಿಂದಲೇ. ಹಸಿ ಸಾರವನ್ನು ಕಾಗದದ ಬಿಲ್ಲೆಗೆ ಹಾಕಿ, ಆರಲು ಬಿಡದೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿಟ್ಟರೆ ಕಾಣುವ ತಿಳಿ ವರ್ತುಲ ಹಾವಸೆಯದ್ದೋ ಮದ್ಯಸಾರದ್ದೋ ಹೇಳಲಾಗದು. ಬರೀ ದ್ರಾವಕ ಹಾಕಿ ಆರಿಸಿದ ಬಿಲ್ಲೆಯೊಂದು ಪಕ್ಕದಲ್ಲಿರಲೇಬೇಕು. ಆಂಟಿಆಕ್ಸಿಡೆಂಟ್ ಗುಣವನ್ನು ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ 517 ನ್ಯಾನೋಮೀಟರ್‌ನಲ್ಲಿ ಬಣ್ಣ ಅಳೆಯುವಾಗ ಸಾರದ ಸ್ವಂತ ಬಣ್ಣವನ್ನು ಕಳೆಯದಿದ್ದರೆ ಆ ಅಂಕಿಯೂ ಸುಳ್ಳು.

‘ಗಿಡದ್ದು, ತೊಂದರೆಯಿಲ್ಲ’ ಎಂಬ ಮಾತೂ ಇಲ್ಲಿ ಸಲ್ಲದು. ಮರದ ತೊಗಟೆಯ ಮೇಲಿನ ಫ್ರುಲ್ಲಾನಿಯಾ ಎಂಬ ಲಿವರ್‌ವರ್ಟ್‌ನಲ್ಲಿರುವ ಫ್ರುಲ್ಲಾನೊಲೈಡ್ ಮರ ಕಡಿಯುವವರ ಚರ್ಮಕ್ಕೆ ತೀವ್ರ ಅಲರ್ಜಿ ತರುತ್ತದೆ. ಮದ್ಯಸಾರ ಅದನ್ನೂ ಅಷ್ಟೇ ಸಲೀಸಾಗಿ ಕರಗಿಸಿ ತರುತ್ತದೆ. ಆದ್ದರಿಂದ ನೆನೆಸುವ ಮೊದಲೇ ಅದೇ ಹಿಡಿಯಿಂದ ಒಂದಿಷ್ಟು ಒಣಗಿಸಿ, ಸ್ಥಳ, ದಿನಾಂಕ, ಯಾವ ಮರ ಅಥವಾ ಕಲ್ಲು ಎಂದು ಬರೆದು ಲಕೋಟೆಯಲ್ಲಿಟ್ಟು ಒಣ ಸಸ್ಯಗಳ ಸಂಗ್ರಹಾಲಯವಾದ ಹರ್ಬೇರಿಯಂಗೆ ಕೊಡಬೇಕು. ಪುಡಿಯಾದ ಮೇಲೆ ಜಾತಿ ಯಾವುದೆಂದು ಎಲೆ ನೋಡಿ ಹೇಳುವುದು ಸಾಧ್ಯವಿಲ್ಲ.