ಮೂವತ್ತು ಸಾವಿರ ಪಗಾರ ಅಂದ್ರು, ಖಾತೆಗೆ ಬಂದದ್ದು ಇಪ್ಪತ್ತೊಂದು: ಅಗ್ನಿವೀರನ ಸಂಬಳದ ಲೆಕ್ಕ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಮಗ ಅಗ್ನಿವೀರನಾಗಿ ಮಿಲ್ಟ್ರಿಗೆ ಸೇರಿದ್ದಾನೆ, ಈಗ ಟ್ರೇನಿಂಗಿನಲ್ಲಿದ್ದಾನೆ. ತಿಂಗಳಿಗೆ ಮೂವತ್ತು ಸಾವಿರ ಪಗಾರ ಎಂದು ಎಲ್ಲರೂ ಹೇಳಿದ್ದರು. ಮೊದಲ ತಿಂಗಳು ಖಾತೆಗೆ ಹದಿನಾಲ್ಕು ಸಾವಿರ ಬಂತು, ಆಮೇಲೆ ಇಪ್ಪತ್ತೊಂದು ಸಾವಿರ ಬರುತ್ತಿದೆ. ಕೇಳಿದರೆ ‘ಕಟ್ ಆಗುತ್ತಪ್ಪಾ’ ಅಂತಾನೆ, ಅಷ್ಟೇ. ಉಳಿದ ರೊಕ್ಕ ಎಲ್ಲಿಗೆ ಹೋಗುತ್ತೆ? ಇಷ್ಟೊಂದು ಕಡಿತ ಸರಿಯಾ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ ಯಜಮಾನ್ರೇ. ಮಗ ಏನನ್ನೂ ಮುಚ್ಚಿಡುತ್ತಿಲ್ಲ. ಸೇರಿದ ಹೊಸದರಲ್ಲಿ ಅವನಿಗೂ ಇದು ಪೂರ್ತಿ ಗೊತ್ತಿರುವುದಿಲ್ಲ. ಬೆಳಗಿನ ನಾಲ್ಕಕ್ಕೋ ಐದಕ್ಕೋ ಎದ್ದು ಓಡುವ ಹುಡುಗನಿಗೆ ಪೇ ಸ್ಲಿಪ್ ಬಿಡಿಸಿ ಓದಲು ಪುರುಸೊತ್ತಾದರೂ ಎಲ್ಲಿ?

ಹುಡುಗರನ್ನು ನಾಲ್ಕು ವರ್ಷದ ಮಟ್ಟಿಗೆ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯನ್ನು ಸರ್ಕಾರ 2022ರ ಜೂನ್ 14ರಂದು ಘೋಷಿಸಿತು. ಸಂಬಳದ ಲೆಕ್ಕವನ್ನೂ ಆ ದಿನವೇ ಹೇಳಿತ್ತು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ನೂರಕ್ಕೆ 70ರಷ್ಟು, ಅಂದರೆ 21,000, ಕೈಗೆ. ಉಳಿದ 30ರಷ್ಟು, ಅಂದರೆ 9,000, ಅಗ್ನಿವೀರ್ ಕಾರ್ಪಸ್ ಫಂಡ್ ಎಂಬ ನಿಧಿಗೆ. ಎರಡನೇ ವರ್ಷ ಒಟ್ಟು 33,000, ಕೈಗೆ 23,100. ಮೂರನೇ ವರ್ಷ 36,500, ಕೈಗೆ 25,550. ನಾಲ್ಕನೇ ವರ್ಷ 40,000, ಕೈಗೆ 28,000. ನಮ್ಮ ಕಡೆ ಊರೂರಲ್ಲಿ ಓಡಾಡಿದ್ದು ಮೊದಲ ಅಂಕಿ ಮಾತ್ರ. ಭರ್ತಿಗೆ ತಯಾರಿ ಮಾಡಿಸುವ ಕೋಚಿಂಗ್‌ನವರ ಬ್ಯಾನರಿನಲ್ಲಿ ‘30,000’ ದಪ್ಪಕ್ಷರದಲ್ಲಿರುತ್ತೆ. ಕೈಗೆ ಬರೋದು ಎಷ್ಟು ಅಂತ ಯಾರು ಬರೆಯುತ್ತಾರೆ?

ಈ 9,000 ರೂಪಾಯಿ ಖರ್ಚಾಗುವ ದುಡ್ಡಲ್ಲ. ಮಗನ ಹೆಸರಿನಲ್ಲೇ ಕೂಡುತ್ತಾ ಹೋಗುತ್ತದೆ. ನಾಲ್ಕು ವರ್ಷಕ್ಕೆ ಅವನ ಪಾಲಿನದು 5.02 ಲಕ್ಷ ಆಗುತ್ತದೆ. ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕುತ್ತದೆ. ಅಲ್ಲಿಗೆ 10.04 ಲಕ್ಷ. ಬಡ್ಡಿ ಸೇರಿದರೆ ಸುಮಾರು 11.71 ಲಕ್ಷ ಆಗುತ್ತದೆ ಎಂದು ಸರ್ಕಾರ ಲೆಕ್ಕ ಕೊಟ್ಟಿತ್ತು. ಇದರ ಹೆಸರು ಸೇವಾ ನಿಧಿ. ಇದಕ್ಕೆ ಆದಾಯ ತೆರಿಗೆ ಇಲ್ಲ.

ಸುಮ್ನೆ ಒಂದು ಕುತೂಹಲಕ್ಕೆ, ಕೈಗೆ ಬರುವ ಸಂಬಳವನ್ನು ನಾಲ್ಕೂ ವರ್ಷಕ್ಕೆ ಕೂಡಿಸಿ ನೋಡಿ. 11,71,800 ರೂಪಾಯಿ ಆಗುತ್ತದೆ. ಅಂದರೆ ತಿಂಗಳು ತಿಂಗಳು ಬರುವ ಪಗಾರ ಒಟ್ಟು ಎಷ್ಟಾಗುತ್ತದೋ, ಹೆಚ್ಚುಕಡಿಮೆ ಅಷ್ಟೇ ಕೊನೆಗೆ ಒಂದೇ ಗಂಟಾಗಿ ಬರುತ್ತದೆ. ಹೀಗೆ ನೋಡಿದರೆ ಕಡಿತದ ಸಿಟ್ಟು ಸ್ವಲ್ಪ ಇಳಿಯಬಹುದು.

ಇನ್ನು ಮೊದಲ ತಿಂಗಳ ಹದಿನಾಲ್ಕು ಸಾವಿರ. ನಿಮ್ಮ ಮಗ ಯಾವ ತಾರೀಕಿಗೆ ಸೇರಿದ ಎಂದು ನೀವು ಬರೆದಿಲ್ಲ. ಆದರೆ 30 ದಿನದ ತಿಂಗಳಲ್ಲಿ 11ನೇ ತಾರೀಕಿಗೆ ಸೇರಿದ್ದರೆ ಲೆಕ್ಕಕ್ಕೆ ಸಿಗುವುದು 20 ದಿನ. 21,000ವನ್ನು 30ರಿಂದ ಭಾಗಿಸಿ 20ರಿಂದ ಗುಣಿಸಿ, ಸರಿಯಾಗಿ 14,000 ಬರುತ್ತದೆ. ಸೇರಿದ ದಿನದಿಂದಲೇ ಸಂಬಳ ಶುರು. ಟ್ರೇನಿಂಗ್ ಅವಧಿಯೂ ನಾಲ್ಕು ವರ್ಷದೊಳಗೇ ಬರುತ್ತದೆ. ಎರಡನೇ ವರ್ಷದ 23,100 ಕೂಡ ಜನವರಿಗೋ ಏಪ್ರಿಲ್‌ಗೋ ಶುರುವಾಗುವುದಿಲ್ಲ, ಅವನು ಸೇರಿ ವರ್ಷ ತುಂಬಿದ ಮೇಲೆ ಶುರುವಾಗುತ್ತದೆ.

ಕೆಲವರಿಗೆ ಮೊದಲ ಸಂಬಳ ಬರುವುದೇ ತಡ. ಅದಕ್ಕೂ ಗಾಬರಿ ಬೇಡ. ಹೆಚ್ಚಾಗಿ ಕಾಗದಪತ್ರದ ತೊಡಕಿರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ‘ಶರಣಬಸವ’, ಆಧಾರಿನಲ್ಲಿ ‘ಶರಣಪ್ಪ’, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಿಂದೆ. ನಮ್ಮ ರಾಯಚೂರು, ಕೊಪ್ಪಳದ ಕಡೆ ಇದು ಮನೆಮನೆ ಕಥೆ ಅಲ್ವಾ? ಊರಲ್ಲಿ ಇದರಿಂದ ಏನೂ ತೊಂದರೆ ಆಗಿರುವುದಿಲ್ಲ. ಸೈನಿಕರ ಸಂಬಳ ನೋಡುವ ಪೇ ಅಕೌಂಟ್ಸ್ ಆಫೀಸಿಗೆ ಹೋದಾಗ ಒಂದು ಅಕ್ಷರ ವ್ಯತ್ಯಾಸವಾದರೂ ಕಾಗದ ವಾಪಸ್ ಬರುತ್ತದೆ. ಸಂಬಳ ನಿಂತಿದ್ದರೆ ಮುಂದೆ ಬಾಕಿ ಸೇರಿಸಿ ಕೊಡುತ್ತಾರೆ. ಭರ್ತಿಗೆ ಹೋಗುವ ಹುಡುಗರು ಮನೆಯಲ್ಲಿದ್ದರೆ ಹೆಸರಿನ ತಿದ್ದುಪಡಿಯನ್ನು ಈಗಲೇ ಮಾಡಿಸಿಬಿಡಿ. ಟ್ರೇನಿಂಗ್ ಕೇಂದ್ರದಲ್ಲಿ ಕೂತು ಆಧಾರ್ ತಿದ್ದಿಸುವುದು ಆಗದ ಮಾತು.

ಬೇರೆ ಏನಾದರೂ ಕಟ್ ಆಗುತ್ತದೆಯಾ? ಸಾಮಾನ್ಯ ಸರ್ಕಾರಿ ನೌಕರನ ಸಂಬಳದಲ್ಲಿ ಕಾಣುವ ಹಲವು ಕಡಿತಗಳು ಇಲ್ಲಿಲ್ಲ. ಅಗ್ನಿವೀರನಿಗೆ ಪಿಂಚಣಿ ಇಲ್ಲ, ಹಾಗಾಗಿ ಪಿಂಚಣಿಗೆ ಅಂತ ಹಿಡಿಯುವುದೂ ಇಲ್ಲ. ಸರ್ಕಾರದ ಪ್ರಾವಿಡೆಂಟ್ ಫಂಡಿಗೂ ಕಟ್ಟಬೇಕಿಲ್ಲ. 48 ಲಕ್ಷದ ಜೀವ ವಿಮೆ ಇದೆ, ಅದಕ್ಕೆ ಹುಡುಗನ ಸಂಬಳದಿಂದ ಒಂದು ರೂಪಾಯಿ ಪ್ರೀಮಿಯಂ ಹಿಡಿಯುವುದಿಲ್ಲ. ‘ಇನ್ಶೂರೆನ್ಸಿಗೆ ಹಿಡಿದಿದ್ದಾರಂತೆ’ ಎಂದು ಊರಲ್ಲಿ ಯಾರಾದರೂ ಹೇಳಿದರೆ ಅವರು ಖಾಯಂ ಸೈನಿಕರ ಲೆಕ್ಕವನ್ನು ಇದಕ್ಕೆ ಸೇರಿಸುತ್ತಿದ್ದಾರೆ ಅಂತಲೇ ಅರ್ಥ. ಆದಾಯ ತೆರಿಗೆಯ ಚಿಂತೆಯೂ ಬೇಡ. ವರ್ಷಕ್ಕೆ 3.6 ಲಕ್ಷದ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ಆದಾಯದವರೆಗೂ ಕಟ್ಟಬೇಕಿಲ್ಲ.

ಪೇ ಸ್ಲಿಪ್‌ನಲ್ಲಿ ಕಾಣದ ಖರ್ಚು ಬೇರೆ ಇದೆ. ಊಟ, ವಸತಿ, ಸಮವಸ್ತ್ರ ಸೇನೆಯದೇ. ಆದರೆ ಸೋಪು, ಬೂಟ್ ಪಾಲಿಶ್, ಬನಿಯನ್ನು, ಟ್ರಂಕಿಗೆ ಬೀಗ, ದರ್ಜಿ, ಕಟಿಂಗು, ಫೋಟೊ, ಸಂಜೆ ಕ್ಯಾಂಟೀನಿನಲ್ಲಿ ಒಂದು ಸಮೋಸ. ಟ್ರೇನಿಂಗಿನ ಮೊದಲ ಎರಡು ಮೂರು ತಿಂಗಳು ಇದು ಜಾಸ್ತಿ, ಆಮೇಲೆ ಇಳಿಯುತ್ತದೆ. ಕೇಂದ್ರದಲ್ಲಿ ಮುಂಗಡವಾಗಿ ಕೈಗೆ ಸ್ವಲ್ಪ ದುಡ್ಡು ಕೊಟ್ಟಿದ್ದರೆ ಅದನ್ನು ಮುಂದಿನ ಸಂಬಳದಲ್ಲಿ ಹಿಡಿಯುತ್ತಾರೆ. ಒಂದು ತಿಂಗಳು 21,000ದ ಬದಲು ಕಡಿಮೆ ಬಂದರೆ ಮೊದಲು ಕೇಳಬೇಕಾದ್ದು ಇದನ್ನೇ.

ಈಗ ಮನೆಯಲ್ಲಿ ಜಗಳ ಹುಟ್ಟಿಸುವ ವಿಷಯಕ್ಕೆ ಬರೋಣ. ‘ಪಕ್ಕದೂರಿನ ಹುಡುಗನೂ ಮಿಲ್ಟ್ರಿ, ಅವನಿಗೆ ನಲವತ್ತು ಬರುತ್ತೆ, ನಮ್ಮವನಿಗೆ ಯಾಕೆ ಇಪ್ಪತ್ತೊಂದು?’ ಆ ಹುಡುಗ 2022ಕ್ಕಿಂತ ಮೊದಲು ಸೇರಿದ್ದರೆ ಖಾಯಂ ಸಿಪಾಯಿ. ಅವನ ಮೂಲ ವೇತನವೇ 21,700ರಿಂದ ಶುರು. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ ಎಂದು 5,200. ಎರಡೂ ಸೇರಿ 26,900. ಇದರ ಮೇಲೆ ತುಟ್ಟಿಭತ್ಯೆ. 2024ರ ಜನವರಿಯಿಂದ ತುಟ್ಟಿಭತ್ಯೆ ನೂರಕ್ಕೆ 50 ಆಯಿತು, ಅಂದರೆ 13,450. ಕೂಡಿಸಿದರೆ 40,350. ಅವನಿಗೂ ಕಡಿತ ಇದೆ, ಪ್ರಾವಿಡೆಂಟ್ ಫಂಡಿಗೆ ಮತ್ತು ಸೇನೆಯ ಗುಂಪು ವಿಮೆಗೆ ಹಿಡಿಯುತ್ತಾರೆ. ಆದರೂ ಕೈಗೆ ಬರುವುದು ಜಾಸ್ತಿಯೇ.

ಅಗ್ನಿವೀರನಿಗೆ ಮಿಲಿಟರಿ ಸರ್ವಿಸ್ ಪೇ ಇಲ್ಲ, ತುಟ್ಟಿಭತ್ಯೆಯೂ ಇಲ್ಲ. ಟಿವಿಯಲ್ಲಿ ‘ಕೇಂದ್ರ ನೌಕರರಿಗೆ ಡಿಎ ಏರಿಕೆ’ ಎಂದು ಬಂದಾಗ ಮಗನಿಗೆ ಫೋನ್ ಹಚ್ಚಬೇಡಿ, ಪಾಪ. ಅವನ ಸಂಬಳ ಏರುವುದು ಸೇವೆಯ ವರ್ಷ ತುಂಬಿದಾಗ ಮಾತ್ರ. ನನ್ನನ್ನು ಕೇಳಿದರೆ ಈ ಯೋಜನೆಯಲ್ಲಿ ಹುಡುಗರಿಗೆ ನಿಜಕ್ಕೂ ಕಡಿಮೆ ಸಿಗುವುದು ಇಲ್ಲೇ. ಎಲ್ಲರೂ 9,000ದ ಕಡಿತದ ಬಗ್ಗೆ ಮಾತಾಡುತ್ತಾರೆ, ಅದು ದುಪ್ಪಟ್ಟಾಗಿ ವಾಪಸ್ ಬರುವ ದುಡ್ಡು. ತುಟ್ಟಿಭತ್ಯೆ ಇಲ್ಲದ್ದು ಪೇ ಸ್ಲಿಪ್‌ನಲ್ಲಿ ಎಲ್ಲೂ ಕಾಣುವುದಿಲ್ಲ, ಆದರೆ ನಾಲ್ಕು ವರ್ಷ ಪೇಟೆಯ ದರ ಏರುತ್ತಲೇ ಇರುತ್ತದೆ.

ಆ ಪಕ್ಕದೂರಿನ ಹುಡುಗ ಬಿಎಸ್‌ಎಫ್‌ನಲ್ಲೋ ಸಿಆರ್‌ಪಿಎಫ್‌ನಲ್ಲೋ ಇದ್ದರೆ ಲೆಕ್ಕ ಇನ್ನೂ ಬೇರೆ. ಊರಲ್ಲಿ ಹಸಿರು ಬಟ್ಟೆ ಹಾಕಿದವರೆಲ್ಲ ಮಿಲ್ಟ್ರಿಯವರೇ! ಆದರೆ ಆ ಪಡೆಗಳು ಗೃಹ ಇಲಾಖೆಯ ಅಡಿಯಲ್ಲಿ ಬರುತ್ತವೆ. ಅಲ್ಲೂ ಕಾನ್‌ಸ್ಟೇಬಲ್‌ಗೆ 21,700ರಿಂದಲೇ ಶುರು. ಮಿಲಿಟರಿ ಸರ್ವಿಸ್ ಪೇ ಇಲ್ಲ, ತುಟ್ಟಿಭತ್ಯೆ ಇದೆ. 2004ರ ನಂತರ ಸೇರಿದವರು ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಯಲ್ಲಿದ್ದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10ರಷ್ಟು ಕಟ್ ಆಗುತ್ತದೆ, ಸರ್ಕಾರ 14ರಷ್ಟು ಹಾಕುತ್ತದೆ. ಮೂರು ಮನೆಯ ಮೂರು ಪೇ ಸ್ಲಿಪ್ ಪಕ್ಕಪಕ್ಕ ಇಟ್ಟು ಹೋಲಿಸಿದರೆ ತಲೆಕೆಡುವುದೇ ಸರಿ.

ಹಾಗಂತ 21,000ವೇ ಮಿತಿಯಲ್ಲ. ಟ್ರೇನಿಂಗ್ ಮುಗಿದು ಗಡಿಯ ಕಡೆಗೋ ಎತ್ತರದ ಹಿಮದ ಜಾಗಕ್ಕೋ ಪೋಸ್ಟಿಂಗ್ ಆದರೆ ಅಪಾಯ ಮತ್ತು ಕಷ್ಟದ ಭತ್ಯೆ ಸೇರುತ್ತದೆ. ಜಾಗ ಎಷ್ಟು ಕಠಿಣವೋ ಭತ್ಯೆ ಅಷ್ಟು ಹೆಚ್ಚು. ಆ ಜಾಗ ಬಿಟ್ಟು ಬಂದ ಮೇಲೆ ಭತ್ಯೆಯೂ ನಿಲ್ಲುತ್ತದೆ. ಹಾಗಾಗಿ ಆರು ತಿಂಗಳು ಜಾಸ್ತಿ ಬಂದು ಆಮೇಲೆ ಇಳಿದರೆ ಅದನ್ನು ಹೊಸ ಕಡಿತ ಅಂದುಕೊಳ್ಳಬೇಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮಗನಿಗೆ ಮೂವತ್ತು ಸಾವಿರದ ನೌಕರಿ ಎಂದು ನಂಬಿ ಸಾಲ ಎತ್ತಬೇಡಿ. ಕಾಲುವೆ ನೀರು ಎರಡನೇ ಬೆಳೆಗೆ ಸಿಗದ ವರ್ಷ ತುಂಗಭದ್ರಾ ಎಡದಂಡೆಯ ಹಳ್ಳಿಗಳ ಪರಿಸ್ಥಿತಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಂಥ ಹೊತ್ತಲ್ಲಿ ಮನೆಯಲ್ಲಿ ಒಂದು ಪಗಾರ ಬರುತ್ತದೆ ಎಂದಾಗ ಸಂಘದ ಸಾಲ, ಫೈನಾನ್ಸಿನ ಬೈಕು, ಅಕ್ಕನ ಮದುವೆ ಎಲ್ಲದರ ಕಂತನ್ನೂ ಅದೇ ಪಗಾರದ ಮೇಲೆ ಹಾಕುತ್ತೇವೆ. ಕೈಗೆ ಬರುವ 21,000ದಲ್ಲಿ ಹುಡುಗ ತನಗೆ ಐದಾರು ಸಾವಿರ ಇಟ್ಟುಕೊಂಡರೆ ಮನೆಗೆ ಬರುವುದು ಹದಿನೈದು. ರಜೆಗೆ ಬರುವ ತಿಂಗಳು ಅದೂ ಬರುವುದಿಲ್ಲ. ವರ್ಷಕ್ಕೆ 30 ದಿನ ರಜೆ ಇದೆ, ಬಂದಾಗ ಬರಿಗೈಲಿ ಬರುತ್ತಾನಾ? ಕಂತು ಎಂಟು ಸಾವಿರ ದಾಟದಂತೆ ನೋಡಿಕೊಂಡರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸಾಲದ ಅವಧಿಯೂ ನಾಲ್ಕು ವರ್ಷದೊಳಗೆ ಮುಗಿಯಬೇಕು. ಐದು ವರ್ಷದ ಟ್ರ್ಯಾಕ್ಟರ್ ಸಾಲವನ್ನು ನಾಲ್ಕು ವರ್ಷದ ನೌಕರಿಯ ಮೇಲೆ ಎತ್ತಿದರೆ ಕೊನೆಯ ವರ್ಷದ ಕಂತು ಸೇವಾ ನಿಧಿಯಿಂದಲೇ ಹೋಗುತ್ತದೆ.

ಸಂಬಳದ ಖಾತೆಯ ಬಗ್ಗೆಯೂ ಸ್ವಲ್ಪ. ಅಗ್ನಿವೀರರ ಸಂಬಳದ ಖಾತೆಗಾಗಿ ಸೇನೆ 2022ರ ಅಕ್ಟೋಬರ್‌ನಲ್ಲಿ 11 ಬ್ಯಾಂಕುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಈ ಖಾತೆಯ ಮೇಲೆ ಬ್ಯಾಂಕಿನವರು ಬೇರೆ ಸೌಲಭ್ಯ ಏನು ಕೊಡುತ್ತಾರೆ ಎಂದು ಮಗ ಒಮ್ಮೆ ವಿಚಾರಿಸಲಿ. ಊರಿನ ಗ್ರಾಮೀಣ ಬ್ಯಾಂಕಿನ ನಿಮ್ಮ ಖಾತೆಗೆ ಪ್ರತಿ ತಿಂಗಳು ಇಂತಿಷ್ಟು ತಾನಾಗಿಯೇ ಹೋಗುವಂತೆ ಬ್ಯಾಂಕಿನಲ್ಲಿ ಒಂದು ಸಲ ಬರೆದುಕೊಟ್ಟರೆ ಸಾಕು. ಮಗನ ಎಟಿಎಂ ಕಾರ್ಡನ್ನು ಮನೆಯಲ್ಲಿಟ್ಟುಕೊಂಡು ಅದರ ಪಿನ್ನನ್ನು ಅಳಿಯನಿಗೆ, ಅಂಗಡಿಯವನಿಗೆ ಹೇಳಿ ದುಡ್ಡು ತರಿಸುವ ಪದ್ಧತಿ ಬೇಡ.

ಸೇವಾ ನಿಧಿಯ ವಿಷಯದಲ್ಲಿ ಎರಡು ಷರತ್ತು ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲ. ಹುಡುಗ ‘ನನಗೆ ಆಗಲ್ಲ’ ಎಂದು ತಾನೇ ಕೇಳಿಕೊಂಡು ನಡುವೆ ಬಿಟ್ಟು ಬಂದರೆ, ಅದಕ್ಕೆ ಅನುಮತಿ ಸಿಗುವುದೇ ಅಪರೂಪ, ಸಿಕ್ಕರೂ ಅವನ ಪಾಲು ಮತ್ತು ಅದರ ಬಡ್ಡಿ ಮಾತ್ರ ಕೊಡುತ್ತಾರೆ. ಸರ್ಕಾರದ ಪಾಲು ಇಲ್ಲ. ಎರಡನೆಯದು, ನಾಲ್ಕು ವರ್ಷದ ನಂತರ ನೂರಕ್ಕೆ 25 ಜನರವರೆಗೆ ಖಾಯಂ ಮಾಡಿಕೊಳ್ಳುತ್ತಾರೆ, ಅವರು ಮತ್ತೆ ಕನಿಷ್ಠ 15 ವರ್ಷ ಸೇವೆ ಮಾಡಬೇಕು. ಹಾಗೆ ಖಾಯಂ ಆದವರಿಗೂ ಸೇವಾ ನಿಧಿಯಲ್ಲಿ ಸಿಗುವುದು ತಮ್ಮ ಪಾಲು ಮತ್ತು ಬಡ್ಡಿ ಅಷ್ಟೇ. ಪೂರ್ತಿ 11.71 ಲಕ್ಷ ಬರುವುದು ನಾಲ್ಕು ವರ್ಷ ಮುಗಿಸಿ ಹೊರಗೆ ಬರುವವರಿಗೆ. ಆ ದುಡ್ಡಿಗೆ ಈಗಲೇ ಪ್ಲಾಟು ನೋಡಿಟ್ಟವರು ಇದ್ದಾರೆ, ಅದಕ್ಕೇ ಹೇಳಿದೆ.

ಮುಂದಿನ ಭಾನುವಾರ ಮಗ ಫೋನ್ ಮಾಡಿದಾಗ ಎರಡು ವಿಷಯ ಕೇಳಿ. ಹಮ್‌ರಾಜ್ ಆ್ಯಪ್‌ನಲ್ಲಿ ಸೈನಿಕರು ತಮ್ಮ ಪೇ ಸ್ಲಿಪ್ ನೋಡಬಹುದು, ಫೋನ್ ಕೈಗೆ ಸಿಕ್ಕ ದಿನ ತೆಗೆದು ನಿಧಿಗೆ 9,000 ಹೋದದ್ದು ಅದರಲ್ಲಿ ಕಾಣುತ್ತದೆಯೇ ಎಂದು ನೋಡಲಿ. ಇನ್ನೊಂದು, ನಾಮಿನಿಯಾಗಿ ಯಾರ ಹೆಸರು ಬರೆಸಿದ್ದಾನೆ, ಆ ಹೆಸರು ನಿಮ್ಮ ಆಧಾರಿನಲ್ಲಿ ಇದ್ದ ಹಾಗೆಯೇ ಇದೆಯಾ ಎಂದು ವಿಚಾರಿಸಿ. ಅಮ್ಮನ ಹೆಸರು ಕೊಟ್ಟಿದ್ದರೆ ಇನ್ನಷ್ಟು ಜಾಗ್ರತೆಯಿಂದ ನೋಡಿ. ಮನೆಯಲ್ಲಿ ‘ಹುಲಿಗೆಮ್ಮ’ ಎಂದು ಕರೆದರೂ ಆಧಾರಿನಲ್ಲಿ ‘ಹುಲಿಗೆವ್ವ’ ಎಂದಿರಬಹುದು.